ಬಣ್ಣಕ್ಕೆ ಮೊದಲು ಪ್ರೈಮರ್: ಗೋಡೆ, ಮರ, ಲೋಹಗಳಿಗೆ ಹಚ್ಚುವ ಕ್ರಮ

ಗೋಡೆಯಿಂದ ಚಕ್ಕೆಯಾಗಿ ಕಳಚಿಬಿದ್ದ ಬಣ್ಣದ ತುಣುಕೊಂದನ್ನು ಕೈಗೆತ್ತಿಕೊಂಡು ಅದರ ಹಿಂಬದಿಯನ್ನು ನೋಡಿದರೆ, ಅದು ಏಕೆ ಕಳಚಿತೆಂಬುದು ಬಹುಮಟ್ಟಿಗೆ ಅಲ್ಲಿಯೇ ತಿಳಿಯುತ್ತದೆ. ಹಿಂಬದಿಗೆ ಬಿಳಿಯ ಪುಡಿ ಮೆತ್ತಿಕೊಂಡಿದ್ದರೆ, ಬಣ್ಣ ಅಂಟಿಕೊಂಡಿದ್ದು ಗೋಡೆಯ ಮೇಲೆ ಕೂತಿದ್ದ ಸುಣ್ಣದ ಅಥವಾ ಪುಟ್ಟಿಯ (ಗೋಡೆಯನ್ನು ನುಣುಪಾಗಿಸಲು ಮೆತ್ತುವ ಲೇಪದ) ಧೂಳಿಗೆ ಮಾತ್ರ ಎಂದು ತಿಳಿಯಬೇಕು. ಏನೂ ಮೆತ್ತಿಕೊಳ್ಳದೆ ನುಣುಪಾಗಿ ಸುಲಿದು ಬಂದಿದ್ದರೆ ಕೆಳಗೆ ಹಳೆಯ ಎನಾಮೆಲ್ಲಿನ, ಅಂದರೆ ಎಣ್ಣೆಯ ಗಟ್ಟಿ ಬಣ್ಣದ, ಹೊಳಪೋ ಎಣ್ಣೆಯ ಜಿಡ್ಡೋ ಇದ್ದಿರಬೇಕು. ಗಾರೆಯ ಮರಳೇ ಬಣ್ಣದೊಂದಿಗೆ ಕಿತ್ತುಬಂದಿದ್ದರೆ ಒಳಗಿನ ತೇವವನ್ನೋ ಗಾರೆಯ ದುರ್ಬಲತೆಯನ್ನೋ ಹುಡುಕಬೇಕಾಗುತ್ತದೆ. ಈ ಮೂರರಲ್ಲಿ ಮೊದಲ ಎರಡನ್ನು ಸರಿಯಾದ ಸಿದ್ಧತೆ ಮತ್ತು ಪ್ರೈಮರ್ ಸೇರಿ ತಡೆಯಬಲ್ಲವು. ಮೂರನೆಯದು ಯಾವ ಪ್ರೈಮರಿಗೂ ಬಗ್ಗುವುದಿಲ್ಲ.

ಅಂಗಡಿಯಲ್ಲಿ ನಿಂತು ‘ಈ ಬಣ್ಣಕ್ಕೆ ಯಾವ ಪ್ರೈಮರ್ ಬೇಕು’ ಎಂದು ಕೇಳುವುದು ವಾಡಿಕೆ. ಪ್ರಶ್ನೆಯೇ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಪ್ರೈಮರನ್ನು ಆರಿಸಬೇಕಾದದ್ದು ಮುಖ್ಯವಾಗಿ ಅದರ ಕೆಳಗಿರುವ ಮೈಯನ್ನು ನೋಡಿ. ಮೇಲೆ ಬರುವ ಬಣ್ಣದ ವಿಚಾರ ಅದರ ನಂತರದ್ದು. ಈ ಲೇಖನದ ಹಂತಗಳನ್ನು ಅದೇ ಕ್ರಮದಲ್ಲಿ ಜೋಡಿಸಿದ್ದೇನೆ: ಮೊದಲು ಮೈಯ ಪರೀಕ್ಷೆ, ಆಮೇಲೆ ಸಿದ್ಧತೆ, ಆನಂತರವೇ ಡಬ್ಬಿಯ ಆಯ್ಕೆ.

ಪ್ರೈಮರ್ ಮಾಡುವ ಕೆಲಸ

ಬಣ್ಣದ ಡಬ್ಬಿಯಲ್ಲಿ ಮುಖ್ಯವಾಗಿ ಮೂರು ವಸ್ತುಗಳಿರುತ್ತವೆ: ಬಣ್ಣ ಕೊಡುವ ಪುಡಿ, ಆ ಪುಡಿಯನ್ನು ಒಂದಕ್ಕೊಂದು ಮತ್ತು ಗೋಡೆಗೆ ಅಂಟಿಸುವ ಅಂಟು, ಇವೆರಡನ್ನೂ ಹರಡಲು ಬರುವಂತೆ ಮಾಡಿ ಕೊನೆಗೆ ಆವಿಯಾಗಿ ಹೋಗುವ ನೀರು ಅಥವಾ ಟರ್ಪೆಂಟೈನ್‌ನಂಥ ದ್ರಾವಕ. ಬರಿಯ ಗಾರೆಯ ಮೇಲೆ ನೇರವಾಗಿ ಬಣ್ಣ ಬಳಿದಾಗ ಗಾರೆಯು ದ್ರಾವಕದ ಜೊತೆಗೆ ಅಂಟಿನ ಒಂದು ಪಾಲನ್ನೂ ಹೀರಿಕೊಂಡುಬಿಡುತ್ತದೆ. ಆಗ ಮೇಲೆ ಉಳಿಯುವುದು ಅಂಟಿನ ಕೊರತೆಯಿರುವ ಪುಡಿ. ಅಂಥ ಗೋಡೆಗೆ ಕೈ ತಾಗಿಸಿದರೆ ಪುಡಿ ಬರುವುದೂ, ಒಂದು ಕಡೆ ಹೊಳಪು ಹೆಚ್ಚಾಗಿ ಇನ್ನೊಂದು ಕಡೆ ಮಂಕಾಗಿ ತೇಪೆ ತೇಪೆಯಾಗಿ ಕಾಣುವುದೂ ಇದರಿಂದಲೇ. ಪ್ರೈಮರ್ ಆ ರಂಧ್ರಗಳನ್ನು ತಾನು ತುಂಬಿ, ಗೋಡೆಯ ಎಲ್ಲ ಭಾಗಗಳೂ ಸಮನಾಗಿ ಹೀರುವಂತೆ ಮಾಡುತ್ತದೆ.

ಹೀರುವ ಮೈಗೆ ಸಂಬಂಧಿಸಿದ ಕೆಲಸ ಇದು. ಹೀರದ ಮೈಗಳಲ್ಲಿ, ಅಂದರೆ ಲೋಹ, ಟೈಲ್ಸ್, ಲ್ಯಾಮಿನೇಟ್, ಹಳೆಯ ಎನಾಮೆಲ್ ಇವುಗಳಲ್ಲಿ, ಪ್ರೈಮರ್ ಹಿಡಿತವನ್ನು ಒದಗಿಸಬೇಕಾಗುತ್ತದೆ. ಕಬ್ಬಿಣಕ್ಕೆ ತುಕ್ಕಿನಿಂದ ರಕ್ಷಣೆ, ಮರಕ್ಕೆ ಅದರ ರಾಳ ಮತ್ತು ಒಗರು ಮೇಲೆ ಬಾರದಂತೆ ತಡೆ, ಹೊಸ ಗಾರೆಗೆ ಕ್ಷಾರದಿಂದ ಕಾವಲು, ಹೊಗೆ ಹಿಡಿದ ಛಾವಣಿಗೆ ಕಲೆಯ ಮೇಲೊಂದು ಮುಚ್ಚಳ, ಹೀಗೆ ಒಂದೊಂದು ಮೈ ಒಂದೊಂದನ್ನು ಬೇಡುತ್ತದೆ. ಎಲ್ಲವನ್ನೂ ಅಷ್ಟೇ ಚೆನ್ನಾಗಿ ಮಾಡುವ ಒಂದೇ ಡಬ್ಬಿ ಇರುವುದಿಲ್ಲ.

ಪ್ರೈಮರಿನಿಂದ ಆಗದ ಕೆಲಸಗಳನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅದು ಬಿರುಕನ್ನು ತುಂಬುವುದಿಲ್ಲ, ಗೋಡೆಯ ಸೋರಿಕೆಯನ್ನು ನಿಲ್ಲಿಸುವುದಿಲ್ಲ, ಜೀವಂತ ಬೂಷ್ಟನ್ನು ಕೊಲ್ಲುವುದಿಲ್ಲ, ಸಡಿಲವಾದ ಹಳೆಯ ಬಣ್ಣವನ್ನು ಮತ್ತೆ ಗೋಡೆಗೆ ಅಂಟಿಸುವುದಿಲ್ಲ.

ಮೊದಲ ಹಂತ: ಮೈಯನ್ನು ಪರೀಕ್ಷಿಸುವುದು

ಈ ಪರೀಕ್ಷೆಗಳಿಗೆ ಬೇಕಾದದ್ದು ಅಂಗೈ, ಸ್ವಲ್ಪ ನೀರು, ಅಂಟುಪಟ್ಟಿ, ಒಂದು ಬ್ಲೇಡು, ಒಂದಿಷ್ಟು ಮೆಥಿಲೇಟೆಡ್ ಸ್ಪಿರಿಟ್ ಮತ್ತು ಒಂದು ತುಂಡು ಪ್ಲಾಸ್ಟಿಕ್ ಹಾಳೆ. ಮೊದಲು ಅಂಗೈಯನ್ನು ಗೋಡೆಗೆ ಒತ್ತಿ ಎಳೆಯಿರಿ. ಬಿಳಿಯ ಪುಡಿ ಅಂಟಿದರೆ ಅದು ಹಳೆಯ ಸುಣ್ಣವೋ ಡಿಸ್ಟೆಂಪರೋ ಆಗಿರುತ್ತದೆ, ಅಥವಾ ಬಿಸಿಲಿಗೆ ಸವೆದ ಬಣ್ಣವಾಗಿರುತ್ತದೆ. ಇದನ್ನು ಕೆರೆದು ತೊಳೆಯದೆ ಮುಂದುವರಿಯಬಾರದು. ಅನಂತರ ನಾಲ್ಕಾರು ಕಡೆ ನೀರಿನ ಹನಿಗಳನ್ನು ಸಿಂಪಡಿಸಿ. ಹನಿ ಕೂಡಲೇ ಇಂಗಿ ಆ ಜಾಗ ಕಪ್ಪಾದರೆ ಮೈ ಹೆಚ್ಚು ಹೀರುತ್ತದೆ. ಹನಿ ಮಣಿಯಂತೆ ನಿಂತು ಜಾರಿದರೆ ಅಲ್ಲಿ ಹೊಳಪು ಅಥವಾ ಜಿಡ್ಡು ಇದೆ. ಒಂದೇ ಗೋಡೆಯಲ್ಲಿ ಎರಡೂ ಕಾಣಿಸುವುದು ಅಪರೂಪವಲ್ಲ, ವಿಶೇಷವಾಗಿ ಅಡುಗೆಮನೆಗಳಲ್ಲಿ.

ಹಳೆಯ ಬಣ್ಣವಿರುವ ಕಡೆ ಅದು ಗಟ್ಟಿಯಾಗಿ ಕೂತಿದೆಯೇ ಎಂಬುದನ್ನು ತಿಳಿಯಲು, ಬ್ಲೇಡಿನಿಂದ ಸುಮಾರು 4 ಸೆಂಟಿಮೀಟರ್ ಉದ್ದದ ಎರಡು ಗೆರೆಗಳನ್ನು ಒಂದನ್ನೊಂದು ಅಡ್ಡ ಹಾಯುವಂತೆ ಕೊಯ್ದು, ಅದರ ಮೇಲೆ ಅಂಟುಪಟ್ಟಿಯನ್ನು ಒತ್ತಿ ಅಂಟಿಸಿ, ಒಂದೇ ಎಳೆತಕ್ಕೆ ಕೀಳಬೇಕು. ಪಟ್ಟಿಯೊಂದಿಗೆ ಬಣ್ಣವೂ ಎದ್ದು ಬಂದರೆ ಅದರ ಮೇಲೆ ಎಷ್ಟೇ ಉತ್ತಮವಾದದ್ದನ್ನು ಬಳಿದರೂ ಎರಡೂ ಸೇರಿಯೇ ಬೀಳುತ್ತವೆ. ಹಳೆಯ ಬಣ್ಣ ನೀರಿನದೋ ಎಣ್ಣೆಯದೋ ಎಂಬ ಸಂಶಯವಿದ್ದರೆ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಅರ್ಧ ನಿಮಿಷ ಉಜ್ಜಿ ನೋಡಿ. ನೀರಿನ ಎಮಲ್ಷನ್ ಮೆತ್ತಗಾಗಿ ಹತ್ತಿಗೆ ಬಣ್ಣ ಹತ್ತುತ್ತದೆ; ಎಣ್ಣೆಯ ಎನಾಮೆಲ್ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಗೋಡೆಯ ತೇವದ ಪರೀಕ್ಷೆಗೆ ತಾಳ್ಮೆ ಬೇಕು. ಸುಮಾರು 45 ಸೆಂಟಿಮೀಟರ್ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಅಂಟುಪಟ್ಟಿಯಿಂದ ಮುಚ್ಚಿ, ಕನಿಷ್ಠ 16 ಗಂಟೆ, ಅನುಕೂಲವಿದ್ದರೆ ಒಂದು ಪೂರ್ತಿ ದಿನ ಬಿಡಬೇಕು. ತೆಗೆದಾಗ ಹಾಳೆಯ ಒಳಮೈಯಲ್ಲಿ ನೀರಿನ ಹನಿ ಇದ್ದರೆ ಅಥವಾ ಆ ಜಾಗದ ಗಾರೆ ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ಗೋಡೆ ಇನ್ನೂ ಒಣಗಿಲ್ಲ. ಕೆಲಸದ ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುವ ಪರೀಕ್ಷೆ ಇದೇ, ಮತ್ತು ಬಿಟ್ಟದ್ದಕ್ಕೆ ಹೆಚ್ಚು ಬೆಲೆ ತೆರಿಸುವುದೂ ಇದೇ.

ಎರಡನೆಯ ಹಂತ: ಸ್ವಚ್ಛತೆ ಮತ್ತು ದುರಸ್ತಿ

ಸಡಿಲವಾದುದೆಲ್ಲವನ್ನೂ ಕೆರೆಯುವ ಲೋಹದ ಪಟ್ಟಿಯಿಂದ ಕೆರೆದು ತೆಗೆದು, ಉಳಿದ ಗಟ್ಟಿ ಬಣ್ಣದ ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ಇಳಿಜಾರಾಗಿಸಬೇಕು. ಇಲ್ಲವಾದರೆ ಆ ಅಂಚಿನ ಗೆರೆ ಹೊಸ ಬಣ್ಣದ ಮೇಲೂ ಎದ್ದು ಕಾಣುತ್ತದೆ. ಅಡುಗೆಮನೆಯ ಜಿಡ್ಡನ್ನು ಮೊದಲು ಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ದ್ರವದಿಂದ ತೊಳೆದು, ಬರಿಯ ನೀರಿನಿಂದ ಮತ್ತೊಮ್ಮೆ ಒರೆಸಿ, ಒಣಗಿದ ಮೇಲೆ ಉಜ್ಜಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಉಪ್ಪುಕಾಗದವು ಜಿಡ್ಡನ್ನು ಗೀರುಗಳೊಳಗೆ ತುರುಕುವುದಷ್ಟೇ ಆಗುತ್ತದೆ.

ಗೋಡೆಯ ಮೇಲೆ ಬಿಳಿಯ ಉಪ್ಪಿನ ಹೂವು ಅರಳಿದಂತೆ ಕಾಣುವ ಪುಡಿಯಿದ್ದರೆ ಅದನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗಾರೆಯೊಳಗೆ ಸೇರಿ, ಒಣಗುವಾಗ ಪುನಃ ಹೊರಬರುತ್ತದೆ. ಉಪ್ಪನ್ನು ಹೊರಕ್ಕೆ ತಂದದ್ದು ನೀರು; ಆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಕಂಡುಹಿಡಿದು ನಿಲ್ಲಿಸಿದ ಮೇಲೆಯೇ ಪ್ರೈಮರಿನ ಮಾತು. ಬೂಷ್ಟಿನ ವಿಷಯದಲ್ಲಿಯೂ ಇದೇ ಕ್ರಮ: ನೀರಿನ ಮೂಲವನ್ನು ಸರಿಪಡಿಸಿ, ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಮುಂದಿನ ಕೆಲಸ. ತೊಳೆಯಲು ಬ್ಲೀಚ್ ಬಳಸುವವರು ಅದನ್ನು ಅಮೋನಿಯಾ ಅಥವಾ ಆಮ್ಲವಿರುವ ಯಾವುದೇ ಶುಚಿಕಾರಕದೊಂದಿಗೆ ಎಂದಿಗೂ ಬೆರೆಸಬಾರದು. ಅದರಿಂದ ವಿಷಾನಿಲ ಹೊರಡುತ್ತದೆ.

ಹಳೆಯ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಹಿಂದಿನ ಕಾಲದ ಬಣ್ಣಗಳಲ್ಲಿ, ಅದರಲ್ಲೂ ಎಣ್ಣೆಯ ಬಣ್ಣಗಳಲ್ಲಿ, ಸೀಸದ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಇದನ್ನು 1978ರಲ್ಲಿ ನಿಷೇಧಿಸಲಾಯಿತು. ಇತರ ಅನೇಕ ದೇಶಗಳಲ್ಲಿ ನಿರ್ಬಂಧ ಬಂದದ್ದು ಅದಕ್ಕಿಂತ ತಡವಾಗಿ. ಆದ್ದರಿಂದ ಬಹಳ ಹಳೆಯ ಬಾಗಿಲು ಕಿಟಕಿಗಳ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು, ಬೆಂಕಿಯಿಂದ ಸುಟ್ಟು ತೆಗೆಯಲೂ ಬಾರದು. ಸೀಸವಿರುವ ಸಾಧ್ಯತೆ ಇದ್ದರೆ ಮೊದಲು ಪರೀಕ್ಷೆ ಮಾಡಿಸಿ. ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಜಾಗದಿಂದ ದೂರವಿಡಿ. ಸೀಸವಿಲ್ಲದ ಕಡೆಯಲ್ಲಿಯೂ ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲೇಬೇಕು, ಏಕೆಂದರೆ ಪುಟ್ಟಿಯ ಮತ್ತು ಸಿಮೆಂಟಿನ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಮೂರನೆಯ ಹಂತ: ಮೈಗೆ ತಕ್ಕ ಪ್ರೈಮರ್

ಹೊಸ ಸಿಮೆಂಟ್ ಗಾರೆಯಿಂದ ಆರಂಭಿಸೋಣ. ಹಸಿಯಾದ ಸಿಮೆಂಟ್ ಗಾರೆಯ ಕ್ಷಾರೀಯತೆ ಬಹಳ ಹೆಚ್ಚು. ಅದರ ಪಿಎಚ್ 12ರಿಂದ 13ರವರೆಗೂ ಇರುತ್ತದೆ. ಎಣ್ಣೆಯ ಬಣ್ಣದಲ್ಲಿರುವ ಕೊಬ್ಬಿನಾಮ್ಲಗಳು ಕ್ಷಾರದೊಂದಿಗೆ ಸೇರಿದಾಗ ಆಗುವುದು ಸೋಪು. ಸೋಪು ತಯಾರಿಸುವ ರಸಾಯನಕ್ರಿಯೆಯೇ ಇಲ್ಲಿ ಗೋಡೆಯ ಮೇಲೆ ನಡೆದು, ಬಣ್ಣದ ಕೆಳಪದರ ಜಿಗುಟಾಗಿ, ಕೊನೆಗೆ ಪೊರೆಯಂತೆ ಕಳಚುತ್ತದೆ. ಆದ್ದರಿಂದ ಹೊಸ ಗಾರೆಯನ್ನು ನೀರುಣಿಸಿ ಗಟ್ಟಿಗೊಳಿಸಿದ ಬಳಿಕ ಒಣಗಲು ಬಿಟ್ಟು, ಒಟ್ಟಾರೆ ಕನಿಷ್ಠ 28 ದಿನ ಕಾಯುವುದು, ಗಾಳಿಯಲ್ಲಿ ತೇವ ಹೆಚ್ಚಿರುವಾಗ ಅದಕ್ಕಿಂತಲೂ ಹೆಚ್ಚು ಕಾಯುವುದು, ಮತ್ತು ಕ್ಷಾರವನ್ನು ತಾಳಬಲ್ಲ ನೀರಿನ ಅಕ್ರಿಲಿಕ್ ಪ್ರೈಮರನ್ನೇ ಆರಿಸುವುದು ಸರಿಯಾದ ದಾರಿ. ಜಿಪ್ಸಮ್ ಗಾರೆಗೆ ಈ ಕ್ಷಾರದ ಕಾಟ ಇಲ್ಲ. ಅದು ಒಣಗಿದರೆ ಸಾಕು. ಆದರೆ ಅದು ಬಹಳ ಹೀರುವುದರಿಂದ, ತಯಾರಕರು ಹೇಳಿದ ಮಿತಿಯೊಳಗೆ ತುಸು ತೆಳುವಾಗಿಸಿದ ಮೊದಲ ಕೋಟ್ ಒಳಗಿಳಿದು ಹಿಡಿದುಕೊಳ್ಳುತ್ತದೆ. ಜಿಪ್ಸಮ್ ಬೋರ್ಡಿಗೆ ಎಣ್ಣೆಯ ಪ್ರೈಮರ್ ಹಚ್ಚಿದರೆ ಅದರ ಮೇಲಿನ ಕಾಗದದ ನಾರುಗಳು ಎದ್ದು ಒರಟಾಗುತ್ತವೆ. ಅಲ್ಲಿಯೂ ನೀರಿನ ಪ್ರೈಮರ್ ಯೋಗ್ಯ.

ಪುಟ್ಟಿ ಹಾಕುವವರಲ್ಲಿ ಪ್ರೈಮರ್ ಮೊದಲೋ ಪುಟ್ಟಿ ಮೊದಲೋ ಎಂಬ ವಾದ ಮುಗಿಯುವುದೇ ಇಲ್ಲ. ಇದಕ್ಕೆ ಉತ್ತರ ಪುಟ್ಟಿಯ ಜಾತಿಯಲ್ಲಿದೆ. ಬಿಳಿ ಸಿಮೆಂಟಿನ ಪುಟ್ಟಿ ತುಸು ತೇವಗೊಳಿಸಿದ ಗಾರೆಯನ್ನು ನೇರವಾಗಿ ಹಿಡಿಯುತ್ತದೆ. ಅದರ ಕೆಳಗೆ ಪ್ರೈಮರ್ ಬೇಕಿಲ್ಲ. ಕಲಸಿದ ಸ್ಥಿತಿಯಲ್ಲಿಯೇ ಡಬ್ಬಿಯಲ್ಲಿ ಬರುವ ಅಕ್ರಿಲಿಕ್ ಪುಟ್ಟಿಗೆ ಕೆಳಗೊಂದು ಪ್ರೈಮರ್ ಬೇಕು. ಆದರೆ ಪುಟ್ಟಿಯನ್ನು ಉಜ್ಜಿ ನುಣುಪಾಗಿಸಿದ ಮೇಲೆ ಅದರ ಮೇಲೊಂದು ಪ್ರೈಮರ್ ಎರಡೂ ಸಂದರ್ಭಗಳಲ್ಲಿ ತಪ್ಪದೆ ಬೇಕು. ಹಣ ಉಳಿಸಲು ಒಂದು ಕೋಟ್ ಬಿಡಲೇಬೇಕೆಂದರೆ ಬಿಡಬಾರದ ಕೋಟ್ ಇದು.

ಹಿಂದೆ ಬಣ್ಣ ಕಂಡ ಗೋಡೆ ಗಟ್ಟಿಯಾಗಿದ್ದು, ಮಂದ ಹೊಳಪಿನದಾಗಿದ್ದು, ಹೊಸ ಬಣ್ಣವೂ ಅದೇ ಜಾತಿಯದು ಮತ್ತು ಹೆಚ್ಚುಕಡಿಮೆ ಅದೇ ಛಾಯೆಯದು ಆಗಿದ್ದರೆ ಪೂರ್ತಿ ಗೋಡೆಗೆ ಪ್ರೈಮರ್ ಅಗತ್ಯವಿಲ್ಲ. ತೊಳೆದು ಒಣಗಿಸಿ, ಪುಟ್ಟಿ ಹಾಕಿ ಸರಿಪಡಿಸಿದ ಜಾಗಗಳಿಗೆ ಮಾತ್ರ ಪ್ರೈಮರ್ ಮುಟ್ಟಿಸಿದರೆ ಸಾಕು. ಆ ಜಾಗಗಳನ್ನು ಬಿಟ್ಟರೆ ಮಾತ್ರ ಅಷ್ಟಷ್ಟೇ ತೇಪೆಗಳು ಮಂಕಾಗಿ ಉಳಿದು, ಓರೆ ಬೆಳಕಿನಲ್ಲಿ ಗೋಡೆಯ ದುರಸ್ತಿಯ ನಕ್ಷೆಯೇ ಕಾಣಿಸುತ್ತದೆ. ಹಳೆಯದು ಎನಾಮೆಲ್ಲಾಗಿದ್ದು ಹೊಸದು ನೀರಿನ ಬಣ್ಣವಾಗಿದ್ದರೆ, ಹೊಳಪು ಸಾಯುವವರೆಗೆ 180 ಅಥವಾ 220 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಧೂಳು ಒರೆಸಿ, ಹಿಡಿತ ಹೆಚ್ಚಿಸುವ ಪ್ರೈಮರ್ ಹಚ್ಚಬೇಕು. ಗಾಢ ಬಣ್ಣವನ್ನು ತಿಳಿ ಬಣ್ಣಕ್ಕೆ ತಿರುಗಿಸುವಾಗ ಬಿಳಿ ಪ್ರೈಮರ್ ಬಣ್ಣದ ಒಂದೆರಡು ಕೋಟ್‌ಗಳನ್ನು ಉಳಿಸುತ್ತದೆ. ಇದರ ವಿರುದ್ಧ ದಿಕ್ಕಿನಲ್ಲಿ, ಕಡುಗೆಂಪಿನಂಥ ಬಣ್ಣಗಳ ಕೆಳಗೆ ಬಿಳಿಗಿಂತ ಬೂದು ಛಾಯೆಯ ಪ್ರೈಮರ್ ಲೇಸು, ಏಕೆಂದರೆ ಆ ಬಣ್ಣಗಳ ಮುಚ್ಚುವ ಶಕ್ತಿ ಸಾಮಾನ್ಯವಾಗಿ ಕಡಿಮೆ.

ಮರ ಇವೆಲ್ಲಕ್ಕಿಂತ ಭಿನ್ನ, ಏಕೆಂದರೆ ಅದು ಕಡಿದ ಮೇಲೂ ತೇವಕ್ಕೆ ತಕ್ಕಂತೆ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಹಸಿ ಮರಕ್ಕೆ ಬಣ್ಣ ಹಚ್ಚಿದರೆ ಒಳಗಿನ ನೀರು ಹೊರಬರುವ ದಾರಿಯಲ್ಲಿ ಗುಳ್ಳೆಗಳನ್ನು ಎಬ್ಬಿಸುತ್ತದೆ. ಮರದ ತೇವಾಂಶ ಸುಮಾರು ಶೇ. 15ಕ್ಕಿಂತ ಕೆಳಗಿರಬೇಕು. ಒಣಗಿದ ಮರವನ್ನು ಎಳೆಯ ಉದ್ದಕ್ಕೆ ಮೊದಲು 120, ಆಮೇಲೆ 180 ನಂಬರಿನ ಕಾಗದದಿಂದ ಉಜ್ಜಿ ಧೂಳು ತೆಗೆಯಿರಿ. ಗಂಟುಗಳಿರುವಲ್ಲಿ ಹಳದಿ ಮಿಶ್ರಿತ ರಾಳ ಕಾಲಕ್ರಮೇಣ ಬಣ್ಣವನ್ನು ಭೇದಿಸಿ ಮೇಲೆ ಬರುತ್ತದೆ. ಅದಕ್ಕೆ ಗಂಟಿನ ಮೇಲೆ ಮತ್ತು ಅದರ ಸುತ್ತ ಒಂದೆರಡು ಸೆಂಟಿಮೀಟರ್‌ವರೆಗೆ ಅರಗಿನ ದ್ರಾವಣವನ್ನು, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಷೆಲ್ಯಾಕನ್ನು, ತೆಳುವಾಗಿ ಎರಡು ಬಾರಿ ಹಚ್ಚಬೇಕು. ಕೆಲವು ಮರಗಳ ಒಗರು ನೀರಿನಲ್ಲಿ ಕರಗುವಂಥದ್ದು. ಅವುಗಳ ಮೇಲೆ ಸಾಮಾನ್ಯ ನೀರಿನ ಪ್ರೈಮರ್ ಹಚ್ಚಿದರೆ ಪ್ರೈಮರೇ ಕಂದು ಬಣ್ಣಕ್ಕೆ ತಿರುಗುವುದನ್ನು ಕಣ್ಣಾರೆ ಕಾಣಬಹುದು. ಅಂಥ ಮರಕ್ಕೆ ಎಣ್ಣೆಯ ಪ್ರೈಮರ್ ಅಥವಾ ಕಲೆ ತಡೆಯುವುದೆಂದು ಲೇಬಲ್ ಮೇಲೆ ಸ್ಪಷ್ಟವಾಗಿ ಬರೆದಿರುವ ಪ್ರೈಮರ್ ಬೇಕು. ನೀರಿನ ಪ್ರೈಮರ್ ಹಚ್ಚಿದಾಗ ಮರದ ಎಳೆಗಳು ನೆಟ್ಟಗೆ ಎದ್ದು ಮೈ ಒರಟಾಗುವುದು ಸಹಜ. ಒಣಗಿದ ಮೇಲೆ 220 ನಂಬರಿನಿಂದ ಹಗುರವಾಗಿ ಸವರಿದರೆ ಸರಿಹೋಗುತ್ತದೆ.

ಮರದ ಕೆಲಸದಲ್ಲಿ ಕಣ್ಣಿಗೆ ಬೀಳದ ಜಾಗಗಳೇ ಮುಖ್ಯ. ಅಡ್ಡ ಕೊಯ್ದ ತುದಿಗಳು ಹುಲ್ಲಿನ ಕಟ್ಟಿನ ತುದಿಯಂತೆ ತೆರೆದ ನಳಿಕೆಗಳಾಗಿರುವುದರಿಂದ ಅಗಲ ಮೈಗಿಂತ ಎಷ್ಟೋ ಹೆಚ್ಚು ನೀರು ಕುಡಿಯುತ್ತವೆ. ಬಾಗಿಲಿನ ಮೇಲಂಚು, ಕೆಳಂಚು, ಚೌಕಟ್ಟಿನ ಗೋಡೆಗೆ ತಾಗುವ ಬೆನ್ನು, ಇವಕ್ಕೆ ಕೂರಿಸುವ ಮೊದಲೇ ಎರಡು ಕೋಟ್ ಪ್ರೈಮರ್ ಹಚ್ಚಿ. ಬಾಗಿಲು ನೇತುಹಾಕಿದ ಮೇಲೆ ಕೆಳಂಚಿಗೆ ಬ್ರಷ್ ಹೋಗುವುದಿಲ್ಲ, ಮತ್ತು ತೇವದ ದಿನಗಳಲ್ಲಿ ಬಾಗಿಲು ಉಬ್ಬಿ ಸಿಕ್ಕಿಕೊಳ್ಳಲು ನೀರು ನುಗ್ಗುವ ಮುಖ್ಯ ದಾರಿ ಅದು. ಹೊರಗಿನ ಮರವನ್ನು ಬರಿಮೈಯಲ್ಲಿ ಬಿಸಿಲಿಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಮೇಲ್ಪದರದ ನಾರುಗಳು ಸಡಿಲಗೊಂಡು ಬಣ್ಣದ ಹಿಡಿತ ಕುಗ್ಗುತ್ತದೆ. ಹಾಗೆ ಬಿಟ್ಟಿದ್ದರೆ ಹೊಸ ಮೈ ಕಾಣುವವರೆಗೆ ಮತ್ತೆ ಉಜ್ಜಬೇಕು.

ಕಬ್ಬಿಣಕ್ಕೆ ಬಂದರೆ, ಪಕಳೆಯೇಳುವ ತುಕ್ಕನ್ನು ತಂತಿಯ ಬ್ರಷ್ ಮತ್ತು ಉಪ್ಪುಕಾಗದದಿಂದ ಗಟ್ಟಿ ಲೋಹ ಸಿಗುವವರೆಗೆ ತೆಗೆದು, ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ಅದೇ ದಿನ, ಸಾಧ್ಯವಾದರೆ ಕೆಲವೇ ಗಂಟೆಗಳಲ್ಲಿ, ಪ್ರೈಮರ್ ಹಚ್ಚಿಬಿಡಬೇಕು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹೊಸ ತುಕ್ಕಿನ ಕೆಂಪು ಮಬ್ಬು ಮತ್ತೆ ಕೂತಿರುತ್ತದೆ. ಕೆಂಪು ಬಣ್ಣದ ರೆಡ್ ಆಕ್ಸೈಡ್ ಎಲ್ಲರಿಗೂ ಪರಿಚಿತ. ಆದರೆ ಅದಕ್ಕೆ ಕೆಂಪು ಕೊಡುವ ಕಬ್ಬಿಣದ ಆಕ್ಸೈಡ್ ತಾನಾಗಿ ತುಕ್ಕನ್ನು ತಡೆಯುವ ರಸಾಯನವಲ್ಲ, ನೀರಿಗೊಂದು ಅಡ್ಡಗೋಡೆ ಮಾತ್ರ. ಲೇಬಲ್ಲಿನಲ್ಲಿ ಜಿಂಕ್ ಫಾಸ್ಫೇಟ್ ಎಂದಿದ್ದರೆ ಅದು ತುಕ್ಕಿನ ಕ್ರಿಯೆಯನ್ನೇ ತಗ್ಗಿಸುತ್ತದೆ. ಹಳೆಯ ಕಾಲದ ಹಳದಿ ಜಿಂಕ್ ಕ್ರೋಮೇಟ್ ಕೂಡ ಪರಿಣಾಮಕಾರಿಯೇ, ಆದರೆ ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಮನೆಯ ಕೆಲಸಕ್ಕೆ ಅದು ಬೇಡ. ಚೂಪಾದ ಅಂಚುಗಳು, ಬೆಸುಗೆಯ ಜಾಗಗಳು, ಸ್ಕ್ರೂಗಳ ತಲೆಗಳು ಇವುಗಳಿಂದ ಬಣ್ಣ ಹಿಂದೆ ಸರಿದು ತೆಳುವಾಗುವುದರಿಂದ, ತುಕ್ಕು ಮೊದಲು ಮೂಡುವುದೂ ಅಲ್ಲಿಯೇ. ಮೊದಲು ಅವಕ್ಕಷ್ಟೇ ಬ್ರಷ್‌ನಿಂದ ಒಂದು ಸುತ್ತು ಹಚ್ಚಿ, ಒಣಗಿದ ಮೇಲೆ ಎಲ್ಲಕ್ಕೂ ಪೂರ್ತಿ ಕೋಟ್ ಕೊಡಿ.

ಜಿಂಕ್ ಲೇಪಿತ ಕೊಳವೆ ಮತ್ತು ತಗಡುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಇದನ್ನು ನಾನು ಕಲಿತದ್ದು ಕೆಡಿಸಿಕೊಂಡು. ಮಹಡಿಯ ಕಟಾಂಜನದ ಹೊಸ ಜಿಂಕ್ ಲೇಪಿತ ಕೊಳವೆಗಳಿಗೆ ಕಬ್ಬಿಣಕ್ಕೆ ಹಚ್ಚುವ ಎಣ್ಣೆಯ ಪ್ರೈಮರನ್ನೇ ಹಚ್ಚಿ ಮೇಲೆ ಎನಾಮೆಲ್ ಬಳಿದಿದ್ದೆ. ವರ್ಷ ತುಂಬುವ ಮೊದಲೇ ಅದು ಬಾಳೆಹಣ್ಣಿನ ಸಿಪ್ಪೆಯಂತೆ ಉದ್ದುದ್ದಕ್ಕೆ ಸುಲಿಯಿತು. ಎಣ್ಣೆಯ ಪ್ರೈಮರಿನ ಕೊಬ್ಬಿನಾಮ್ಲಗಳು ಜಿಂಕ್ ಜೊತೆ ಸೇರಿ ಇಲ್ಲಿಯೂ ಒಂದು ಬಗೆಯ ಸೋಪನ್ನೇ ಮಾಡುತ್ತವೆ, ಗಾರೆಯ ಮೇಲೆ ನಡೆಯುವ ಕಥೆಯ ಇನ್ನೊಂದು ರೂಪ. ಇಂಥ ಲೋಹಕ್ಕೆ ಸೋಪಿನ ನೀರಿನಿಂದ ತೊಳೆದು ಒಣಗಿಸಿ, ಜಿಂಕ್ ಲೇಪಿತ ಮೈಗೆಂದೇ ತಯಾರಿಸಿದ ಅಕ್ರಿಲಿಕ್ ಪ್ರೈಮರನ್ನೋ, ಲೋಹವನ್ನು ಸಣ್ಣಗೆ ಕೊರೆದು ಹಿಡಿಯುವ ಎಚ್ (etch) ಪ್ರೈಮರನ್ನೋ ಬಳಸಬೇಕು. ಅಲ್ಯುಮಿನಿಯಮ್ಮಿಗೂ ಎಚ್ ಪ್ರೈಮರ್ ಒಗ್ಗುತ್ತದೆ. ಅದನ್ನು ಕಬ್ಬಿಣದ ತಂತಿಯ ಬ್ರಷ್‌ನಿಂದ ಉಜ್ಜಬೇಡಿ, ಕಬ್ಬಿಣದ ಕಣಗಳು ಮೈಯಲ್ಲಿ ಉಳಿದು ಆಮೇಲೆ ಕಲೆ ಬಿಡುತ್ತವೆ.

ಟೈಲ್ಸ್, ಲ್ಯಾಮಿನೇಟ್ ಮುಂತಾದವಕ್ಕೆ ಜಿಡ್ಡು ತೆಗೆದು, 220 ನಂಬರಿನಿಂದ ಗೀರಿ, ಹಿಡಿತದ ಪ್ರೈಮರನ್ನು ತೆಳುವಾಗಿ ಹಚ್ಚಿ ಪೂರ್ತಿ ಗಟ್ಟಿಯಾಗಲು ಬಿಡಬೇಕು. ನೀರು ಸದಾ ಬೀಳುವ ಜಾಗದ ಟೈಲ್ಸ್‌ಗೆ ಬಣ್ಣ ಹಚ್ಚುವುದೇ ಬೇಡವೆಂದು ಹೇಳುವೆ. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ಗಳಿಗೆ ವಿಶೇಷ ಪ್ರೈಮರ್ ಇಲ್ಲದೆ ಏನೂ ಅಂಟುವುದಿಲ್ಲ.

ಕಲೆಗಳದ್ದು ಬೇರೆಯೇ ಸಮಸ್ಯೆ. ಸೋರಿ ಒಣಗಿದ ನೀರಿನ ಕಂದು ಉಂಗುರ, ಹೊಗೆಯ ಮಸಿ, ತಂಬಾಕಿನ ಹಳದಿ, ಪೆನ್ನಿನ ಶಾಯಿ, ಇವುಗಳಲ್ಲಿ ಬಹುಪಾಲು ನೀರಿನಲ್ಲಿ ಕರಗುತ್ತವೆ. ನೀರಿನ ಬಣ್ಣ ಅವನ್ನು ತಾನೇ ಕರಗಿಸಿ ಮೇಲಕ್ಕೆ ಎಳೆದುಕೊಳ್ಳುವುದರಿಂದ ನಾಲ್ಕು ಕೋಟ್ ಹಚ್ಚಿದರೂ ಕಲೆ ಇಣುಕುತ್ತಲೇ ಇರುತ್ತದೆ. ಇಲ್ಲಿ ಷೆಲ್ಯಾಕ್ ಪ್ರೈಮರ್ ಎಲ್ಲಕ್ಕಿಂತ ಬಲಶಾಲಿ, ವಾಸನೆಯನ್ನೂ ಅದು ಮುಚ್ಚಬಲ್ಲದು. ಎಣ್ಣೆಯ ಕಲೆ ತಡೆಯುವ ಪ್ರೈಮರ್ ಅದರ ನಂತರದ್ದು. ಸೋರಿಕೆ ನಿಂತು ಗೋಡೆ ಒಣಗಿರಬೇಕೆಂಬುದನ್ನು ಮತ್ತೆ ಹೇಳಬೇಕಿಲ್ಲ.

‘ಬಣ್ಣವೂ ಪ್ರೈಮರೂ ಒಂದರಲ್ಲೇ’ ಎಂದು ಮಾರಾಟವಾಗುವ ಡಬ್ಬಿಗಳು ಸಾಮಾನ್ಯವಾಗಿ ಹೆಚ್ಚು ಘನಾಂಶದ ದಪ್ಪ ಬಣ್ಣಗಳು. ಸುಸ್ಥಿತಿಯಲ್ಲಿರುವ ಹಳೆಯ ಬಣ್ಣದ ಗೋಡೆಗೆ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೆ ಅಂಥ ಗೋಡೆಗೆ ಪ್ರೈಮರೇ ಬೇಕಿರಲಿಲ್ಲ. ಬರಿಯ ಗಾರೆ, ಬರಿಯ ಮರ, ತುಕ್ಕು ಹಿಡಿದ ಲೋಹಗಳಿಗೆ ಅವನ್ನು ನಂಬಬಾರದು.

ಇಷ್ಟಾದ ಮೇಲೆ ಮೇಲಿನ ಬಣ್ಣದತ್ತ ಒಮ್ಮೆ ನೋಡಬಹುದು. ಒಣಗಿದ ಎಣ್ಣೆಯ ಪ್ರೈಮರಿನ ಮೇಲೆ ನೀರಿನ ಬಣ್ಣ ಕೂರುತ್ತದೆ, ನೀರಿನ ಪ್ರೈಮರಿನ ಮೇಲೆ ಎನಾಮೆಲ್ಲೂ ಸಾಮಾನ್ಯವಾಗಿ ಕೂರುತ್ತದೆ. ಎಣ್ಣೆಯ ಪ್ರೈಮರಿನ ಮೇಲೆ ತೀಕ್ಷ್ಣ ಥಿನ್ನರ್ ಇರುವ ಬಣ್ಣ ಹಚ್ಚಿದರೆ ಮಾತ್ರ ಕೆಳಪದರ ಸುಕ್ಕುಗಟ್ಟಿ ಮೇಲೇಳುತ್ತದೆ.

ನಾಲ್ಕನೆಯ ಹಂತ: ಅಳತೆ ಮತ್ತು ಸಲಕರಣೆ

ಸಾಮಾನ್ಯವಾಗಿ ಒಂದು ಲೀಟರ್ ಪ್ರೈಮರ್ ಒಂದು ಕೋಟ್‌ಗೆ 8ರಿಂದ 12 ಚದರ ಮೀಟರ್ ಬರುತ್ತದೆ. ಒರಟಾದ ಬರಿಯ ಗಾರೆಗೆ ಅದಕ್ಕಿಂತ ಕಡಿಮೆ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯ ನಾಲ್ಕು ಗೋಡೆಗಳು 42 ಚದರ ಮೀಟರ್. ಒಂದು ಬಾಗಿಲು, ಒಂದು ಕಿಟಕಿ ಕಳೆದರೆ ಸುಮಾರು 38. ಲೀಟರಿಗೆ 10 ಎಂದು ಹಿಡಿದರೂ 4 ಲೀಟರ್ ಬೇಕಾಗುತ್ತದೆ. ಗಾರೆಗೆ 9ರಿಂದ 12 ಮಿಲಿಮೀಟರ್ ಉದ್ದದ ಎಳೆಯ ರೋಲರ್, ನುಣುಪಾದ ಬಾಗಿಲಿಗೆ 5–6 ಮಿಲಿಮೀಟರಿನದು. ನೀರಿನ ಪ್ರೈಮರಿಗೆ ಕೃತಕ ಕೂದಲಿನ ಬ್ರಷ್, ಎಣ್ಣೆಯದಕ್ಕೆ ಸಹಜ ಕೂದಲಿನದು.

ಐದನೆಯ ಹಂತ: ಹಚ್ಚುವುದು

ಮೈಯ ಮತ್ತು ಗಾಳಿಯ ಉಷ್ಣತೆ ಸುಮಾರು 10ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಇರುವ, ಬಿಸಿಲು ನೇರವಾಗಿ ಬೀಳದ ಹೊತ್ತನ್ನು ಆರಿಸಿಕೊಳ್ಳಿ. ಕಾದ ಗೋಡೆಯ ಮೇಲೆ ಪ್ರೈಮರ್ ಒಳಗಿಳಿಯುವ ಮೊದಲೇ ಒಣಗಿಬಿಡುತ್ತದೆ. ಡಬ್ಬಿಯ ತಳದಲ್ಲಿ ಪುಡಿ ಕೂತಿರುವುದರಿಂದ ಕೋಲಿನಿಂದ ತಳ ಕೆದಕುತ್ತ ನಾಲ್ಕೈದು ನಿಮಿಷ ಕಲಕಬೇಕು. ಬರಿದೆ ಅಲುಗಿಸಿದರೆ ಮೇಲಿನ ಅಂಟಷ್ಟೇ ಗೋಡೆಗೆ ಹೋಗಿ ಪುಡಿ ತಳದಲ್ಲಿಯೇ ಉಳಿಯುತ್ತದೆ. ನೀರು ಅಥವಾ ಥಿನ್ನರ್ ಬೆರೆಸುವ ಪ್ರಮಾಣವನ್ನು ಲೇಬಲ್ ನೋಡಿ, ಅಳತೆಯ ಪಾತ್ರೆಯಿಂದಲೇ ಬೆರೆಸಿ. ಹೆಚ್ಚು ನೀರು ಬೆರೆಸಿದ ಪ್ರೈಮರ್ ಚೆನ್ನಾಗಿ ಹರಡಿ ಕೆಲಸ ಬೇಗ ಮುಗಿದಂತೆ ಕಾಣುತ್ತದೆ. ಒಣಗಿದಾಗ ಗೋಡೆಯ ಮೇಲೆ ಉಳಿದಿರುವುದು ಮಾತ್ರ ಬಹಳ ಕಡಿಮೆ.

ಮೂಲೆಗಳಿಗೆ, ಛಾವಣಿಯ ಅಂಚಿಗೆ, ಸ್ವಿಚ್ ಪೆಟ್ಟಿಗೆಗಳ ಸುತ್ತಕ್ಕೆ ಮೊದಲು ಬ್ರಷ್‌ನಿಂದ ಹಚ್ಚಿ, ಆ ಅಂಚು ಇನ್ನೂ ಹಸಿಯಿರುವಾಗಲೇ ರೋಲರ್ ಹಿಡಿಯಿರಿ. ಒಂದು ಮೀಟರ್ ಅಗಲದಷ್ಟು ಜಾಗವನ್ನು ಒಂದು ಬಾರಿಗೆ ತೆಗೆದುಕೊಂಡು, ಓರೆಯಾಗಿ ಹರಡಿ, ಕೊನೆಗೆ ಮೇಲಿನಿಂದ ಕೆಳಕ್ಕೆ ಹಗುರವಾಗಿ ಎಳೆದು, ಹಸಿ ಅಂಚನ್ನು ಬಿಡದೆ ಪಕ್ಕಕ್ಕೆ ಸರಿಯುತ್ತ ಹೋಗಬೇಕು. ಎಣ್ಣೆಯ ಅಥವಾ ಸ್ಪಿರಿಟ್‌ನ ಪ್ರೈಮರ್ ಹಚ್ಚುವಾಗ ಕಿಟಕಿಗಳು ತೆರೆದಿರಲಿ, ಹತ್ತಿರದಲ್ಲಿ ಒಲೆ, ದೀಪ, ಸಿಗರೇಟು ಯಾವುದರ ಬೆಂಕಿಯೂ ಇರಬಾರದು.

ಪ್ರೈಮರ್ ನುಣ್ಣಗೆ, ಗಾಢವಾಗಿ, ಮುಗಿದ ಬಣ್ಣದಂತೆ ಕಾಣಬೇಕೆಂಬ ಆಸೆಯಿಂದ ದಪ್ಪ ಹಚ್ಚುವುದು ತಪ್ಪು. ಕೆಳಗಿನ ಮೈ ಅಲ್ಲಲ್ಲಿ ತುಸು ತೋರಿದರೂ ತೊಂದರೆಯಿಲ್ಲ, ಕೋಟ್ ಎಲ್ಲೆಡೆ ತಲುಪಿರಬೇಕು ಅಷ್ಟೆ. ಮೊದಲ ಕೋಟ್ ಒಣಗಿದ ಮೇಲೂ ತೇಪೆ ತೇಪೆಯಾಗಿ ಹೀರಿದಂತೆ ಕಂಡರೆ ಎರಡನೆಯ ಕೋಟ್ ಕೊಡಿ.

ಆರನೆಯ ಹಂತ: ಒಣಗಿಸಿ ನೋಡುವುದು

ಮುಟ್ಟಿದರೆ ಅಂಟದಿರುವುದಕ್ಕೂ ಮೇಲೆ ಬಣ್ಣ ಹೊರಲು ಸಿದ್ಧವಾಗುವುದಕ್ಕೂ ವ್ಯತ್ಯಾಸವಿದೆ. ನೀರಿನ ಪ್ರೈಮರ್ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಒಣಗಿದಂತಾದರೂ ಮುಂದಿನ ಕೋಟ್‌ಗೆ ಕನಿಷ್ಠ 2ರಿಂದ 4 ಗಂಟೆ ಬೇಕು. ಎಣ್ಣೆಯದಕ್ಕೆ ಒಂದು ರಾತ್ರಿ ಕೊಡುವುದು ಕ್ಷೇಮ. ಷೆಲ್ಯಾಕ್ ಮುಕ್ಕಾಲು ಗಂಟೆಯಲ್ಲಿ ಸಿದ್ಧ. ತಂಪು ಮತ್ತು ತೇವದ ದಿನಗಳಲ್ಲಿ ಇವೆಲ್ಲವೂ ನಿಧಾನ. ಉಗುರಿನಿಂದ ಕೆರೆದಾಗ ಮೇಣದಂತೆ ಸುರುಳಿಯಾದರೆ ಇನ್ನೂ ಕಾಯಿರಿ. ಪುಡಿಯಾಗಿ ಉದುರಿದರೆ ಉಜ್ಜಲು ಬಂದಿದೆ ಎಂದು ತಿಳಿಯಿರಿ.

ಒಣಗಿದ ಮೇಲೆ ಒಂದು ದೀಪವನ್ನು ಗೋಡೆಗೆ ಸಮಾನಾಂತರವಾಗಿ, ಬೆಳಕು ಮೈಯನ್ನು ಸವರಿ ಹೋಗುವಂತೆ ಹಿಡಿಯಿರಿ. ಎಲ್ಲೆಡೆ ಒಂದೇ ಬಣ್ಣವಾಗಿರುವುದರಿಂದ, ಮೊದಲು ಕಣ್ಣಿಗೆ ಬೀಳದಿದ್ದ ತಗ್ಗು, ಗೀರು, ಬ್ರಷ್‌ನ ಕೂದಲು ಎಲ್ಲವೂ ಈಗ ಕಾಣುತ್ತವೆ. ಅವನ್ನು ಪುಟ್ಟಿಯಿಂದ ತುಂಬಿ, ಉಜ್ಜಿ, ಆ ಜಾಗಗಳಿಗೆ ಮತ್ತೆ ಪ್ರೈಮರ್ ಮುಟ್ಟಿಸಿ. ಕೊನೆಗೆ ಪೂರ್ತಿ ಮೈಯನ್ನು 220ರಿಂದ 320 ನಂಬರಿನ ಕಾಗದದಿಂದ ಹಗುರವಾಗಿ ಸವರಿ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಧೂಳು ಒರೆಸಿದರೆ ಬಣ್ಣಕ್ಕೆ ಸಿದ್ಧ. ಬರಿಯ ಕಬ್ಬಿಣದವರೆಗೆ ಉಜ್ಜಿಹೋಗಿದ್ದರೆ ಮಾತ್ರ ಒದ್ದೆ ಬಟ್ಟೆ ಬೇಡ. ಪ್ರೈಮರನ್ನು ಹಾಗೆಯೇ ತಿಂಗಳುಗಟ್ಟಲೆ ಬಿಡಬಾರದು. ಅದು ಬಿಸಿಲು ಮಳೆಗಳನ್ನು ತಾಳಲು ತಯಾರಾದದ್ದಲ್ಲ, ಧೂಳನ್ನೂ ಜಿಡ್ಡನ್ನೂ ಬೇಗ ಹಿಡಿಯುತ್ತದೆ. ಹೊರಗಿನ ಕೆಲಸದಲ್ಲಿ ಕೆಲವೇ ದಿನಗಳೊಳಗೆ, ಒಳಗಿನದರಲ್ಲಿ ಒಂದೆರಡು ವಾರಗಳೊಳಗೆ ಬಣ್ಣ ಮುಗಿಸುವುದು ಒಳ್ಳೆಯದು.

ಕೆಲಸ ಮುಗಿದ ಕೂಡಲೇ ನೀರಿನ ಪ್ರೈಮರಿನ ಬ್ರಷ್‌ಗಳನ್ನು ಸೋಪಿನ ನೀರಿನಲ್ಲಿ, ಎಣ್ಣೆಯದನ್ನು ಟರ್ಪೆಂಟೈನಿನಲ್ಲಿ, ಷೆಲ್ಯಾಕ್‌ನದನ್ನು ಸ್ಪಿರಿಟ್‌ನಲ್ಲಿ ತೊಳೆಯಿರಿ. ಒಗ್ಗದ ದ್ರವದಿಂದ ತೊಳೆದ ಬ್ರಷ್ ಮರುದಿನ ಕಟ್ಟಿಗೆಯಾಗಿರುತ್ತದೆ. ಉಳಿದ ಪ್ರೈಮರಿನ ಡಬ್ಬಿಯ ಮೇಲೆ ತೆರೆದ ದಿನಾಂಕವನ್ನೂ ಯಾವ ಗೋಡೆಗೆ ಬಳಸಿದಿರೆಂಬುದನ್ನೂ ಬರೆದಿಡಿ. ಎಣ್ಣೆಯ ಪ್ರೈಮರ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು: ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಣಗುವಾಗ ಶಾಖ ಹೊರಡುತ್ತದೆ, ಮುದ್ದೆಯೊಳಗೆ ಆ ಶಾಖ ಸಿಕ್ಕಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಅಂಥ ಬಟ್ಟೆಗಳನ್ನು ಹೊರಗೆ, ಉರಿಯುವ ವಸ್ತುಗಳಿಂದ ದೂರ, ಒಂದೊಂದಾಗಿ ಹರಡಿ ಪೂರ್ತಿ ಒಣಗಿಸಿ, ಅಥವಾ ನೀರು ತುಂಬಿದ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಮುಳುಗಿಸಿಟ್ಟು, ಆಮೇಲೆ ವಿಲೇವಾರಿ ಮಾಡಿ.